ಜಗ್ಗಿದ ಟೇಪು

ಮೂವತ್ತು ವರ್ಷದಿಂದ ಸೂಜಿ ಹಿಡಿದೇ ಬದುಕಿದ ಮನುಷ್ಯ ಸೂಜಿಗೆ ಹೆದರುತ್ತಾನೆ ಅಂದರೆ ಯಾರಾದರೂ ನಂಬುತ್ತಾರಾ? ನಂಬಲೇಬೇಕು. ಟೈಲರ್ ಮಾಸ್ತರಿಗೆ ಬಟ್ಟೆಗೆ ಚುಚ್ಚುವ ಸೂಜಿ ಬೇರೆ, ಮೈಗೆ ಚುಚ್ಚುವ ಸೂಜಿ ಬೇರೆ. ಅಳತೆ ನೋಡಲು ಬಂದ ಮಕ್ಕಳು ಗುಂಡುಸೂಜಿ ಕಂಡು ಕುಣಿದಾಡಿದರೆ, "ಅಲುಗಾಡಬೇಡ ಮರಿ, ಅಲುಗಾಡಿದ್ರೇ ಚುಚ್ಚೋದು" ಅಂತ ಧೈರ್ಯ ಹೇಳುವ ಈ ಶೂರರು, ಆಸ್ಪತ್ರೆಯಲ್ಲಿ ಸಿರಿಂಜು ಕಂಡರೆ ಕುರ್ಚಿಯಿಂದ ಎದ್ದು ಬಾಗಿಲ ಕಡೆ ನೋಡುತ್ತಿದ್ದರು.

ಚಳಿಗಾಲದ ರಜೆಗೆ ಇನ್ನೊಂದು ವಾರ ಇದೆ ಅನ್ನುವಾಗ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದರು: "ಸಕ್ಕರೆ ಏರಿದೆ ಮಾಸ್ಟ್ರೇ. ಸೊಂಟ ನಲವತ್ತು ಇಂಚು. ರಜೆ ಮುಗಿಯೋದ್ರೊಳಗೆ ಮೂವತ್ತೆಂಟಕ್ಕೆ ತನ್ನಿ, ಮಾತ್ರೆಯಲ್ಲೇ ನೋಡೋಣ. ಇಲ್ಲಾಂದ್ರೆ ದಿನಾ ಇನ್ಸುಲಿನ್ ಸೂಜಿ."

ಹೆಂಡತಿ ಅಂದೇ ಅಧಿಕಾರ ವಹಿಸಿಕೊಂಡರು. ಬೆಳಿಗ್ಗೆ ನಡಿಗೆ, ಮಧ್ಯಾಹ್ನ ಬೇಯಿಸಿದ ತರಕಾರಿ, ದಿನಾ ಎದ್ದ ಕೂಡಲೇ ಸೊಂಟದ ಅಳತೆ. ಅಂಗಡಿಯಲ್ಲಿ ಅವರ ಪಾಲಿಗೆ ಬಂದದ್ದು ಇಷ್ಟು ವರ್ಷವೂ ಗುಂಡಿ ಹೊಲಿಯುವುದು, ಅಂಚು ಮಡಿಸುವುದು. ಟೇಪು ಮುಟ್ಟಲು ಮಾಸ್ತರು ಬಿಟ್ಟವರಲ್ಲ. ಈಗ ಅದನ್ನು ಕೈಗೆ ಕೊಡಬೇಕಾಯಿತು.

ಅಷ್ಟರಲ್ಲಿ ಮಾಸ್ತರ ತಂಗಿ ಸಂಸಾರ ಸಮೇತ ರಜೆಗೆ ಬಂದಿಳಿದಳು, ಮೂರು ಡಬ್ಬಿ ಕೇಕಿನೊಂದಿಗೆ. "ಅಣ್ಣಾ, ನಿನಗೆ ಅಂತಾನೇ ದ್ರಾಕ್ಷಿ ಜಾಸ್ತಿ ಹಾಕಿದ್ದೀನಿ" ಅಂದಳು. ಅಯ್ಯೋ, ಪ್ರೀತಿಯ ತಂಗಿ! ಅವಳ ಮನಸ್ಸು ನೋಯಿಸುವುದುಂಟೇ?

ಮಾಸ್ತರ ತಲೆ ಓಡಿತು. ಬಟ್ಟೆಯ ಟೇಪನ್ನು ಜಗ್ಗಿದರೆ ಉದ್ದವಾಗುತ್ತದೆ. ಉದ್ದವಾದ ಟೇಪು ಅಳತೆಯನ್ನು ಕಡಿಮೆ ತೋರಿಸುತ್ತದೆ. ಹೆಂಡತಿಯ ಕೈಗೆ ಕೊಟ್ಟಿದ್ದ ಹಳೆಯ ಟೇಪನ್ನೇ ರಾತ್ರಿ ಕದ್ದು ತಂದು ಬಿಸಿನೀರಿನಲ್ಲಿ ನೆನೆಸಿ, ಮೊಳೆಗೆ ಕಟ್ಟಿ, ತುದಿಗೆ ಇಸ್ತ್ರಿ ಪೆಟ್ಟಿಗೆ ತೂಗುಹಾಕಿದರು. ಒಂದೇ ಸಲ ಇಳಿದರೆ ಅನುಮಾನ ಬರುತ್ತದಲ್ಲ, ಅದಕ್ಕೇ ದಿನಕ್ಕೆ ಕಾಲಿಂಚಿನ ಹಾಗೆ ಜಗ್ಗಿದರು. ಮೋಸದಲ್ಲೂ ಕೆಲಸ ಅಚ್ಚುಕಟ್ಟು.

"ರೀ, ಮೂವತ್ತೊಂಬತ್ತು!" ಅಂತ ಹೆಂಡತಿ ಒಂದು ಬೆಳಿಗ್ಗೆ ಕೂಗಿದರು. ಎಂಟನೇ ದಿನ ಮೂವತ್ತೆಂಟು. ಮಾಸ್ತರು ವಾಕಿಂಗ್ ಶೂ ಹಾಕಿಕೊಂಡು ಹೊರಡುತ್ತಿದ್ದರು, ಬೀದಿ ಕೊನೆಯ ಬೆಂಚಿನವರೆಗೆ. ಜೇಬಿನಲ್ಲಿ ಕೇಕು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು ಇವರ ಮುಂದೆ ಸಾಧು.

ಅಂಥದೊಂದು ನಡಿಗೆಯ ಹೊತ್ತಲ್ಲೇ ಡಾಕ್ಟರಮ್ಮ ಕೋಟು ಹೊಲಿಸಲು ಅಂಗಡಿಗೆ ಬಂದುಹೋಗಿದ್ದರು. ಹೆಂಡತಿ ತಾವೇ ಅಳತೆ ತೆಗೆದು ಚೀಟಿಯಲ್ಲಿ ಬರೆದಿಟ್ಟಿದ್ದರು. "ದಿನಾ ನಿಮ್ಮ ಸೊಂಟ ಅಳೆದೂ ಅಳೆದೂ ಕೈ ಪಳಗಿದೆ ಕಣ್ರೀ" ಅಂತ ಹೇಳುವಾಗ ಮುಖ ಅರಳಿತ್ತು. ಬರವಣಿಗೆ ದುಂಡಗೆ, ಚಂದ. ಯಾವ ಟೇಪಿನಲ್ಲಿ ಅಳೆದೆ ಅಂತ ಕೇಳುವುದು ಮಾಸ್ತರಿಗೆ ಹೊಳೆಯಲಿಲ್ಲ. ಕತ್ತರಿಸಿದರು, ಹೊಲಿದರು.

ರಜೆಯ ಕೊನೆಯ ದಿನ ಡಾಕ್ಟರಮ್ಮ ಬಂದು ಕೋಟು ತೊಟ್ಟರು. ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ, ನಡುವೆ ಎರಡು ಇಂಚು ಬಯಲು.

"ಅಯ್ಯಯ್ಯೋ, ಹತ್ತೇ ದಿನಕ್ಕೆ ಇಷ್ಟು ಊದಿಬಿಟ್ನಾ?" ಡಾಕ್ಟರಮ್ಮ ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದರು. "ನಿಮಗೆ ಬುದ್ಧಿ ಹೇಳಿ ನಾನೇ ತಿಂದೆ, ಮಾಸ್ಟ್ರೇ. ನೀವಾದರೂ ಗೆದ್ರಲ್ಲ, ಮೂವತ್ತೆಂಟಂತೆ! ಸೂಜಿ ಬೇಡ ಬಿಡಿ."

ಮಾಸ್ತರ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಆದರೆ ಹೆಂಡತಿ ಮೆಲ್ಲಗೆ ಅಂದರು: "ನೀವು ಊದಿಲ್ಲ ಡಾಕ್ಟ್ರೇ. ತಪ್ಪು ನಂದು. ಬಟ್ಟೆಗೆ ಅಂತ ಮೊದಲ ಸಲ ಅಳತೆ ತೆಗೆದಿದ್ದು. ನನಗೆ ಗುಂಡಿ ಹೊಲಿಯೋದೇ ಸರಿ." ಕೊರಳಲ್ಲಿದ್ದ ಟೇಪು ತೆಗೆದು, ಮಡಿಸಿ, ಮೇಜಿನ ಮೇಲಿಟ್ಟರು. ಕಣ್ಣು ತುಂಬಿತ್ತು.

ಮಾಸ್ತರು ಆ ಟೇಪು ನೋಡಿದರು, ಹೆಂಡತಿಯನ್ನು ನೋಡಿದರು. ಹೊಟ್ಟೆಯೊಳಗಿನ ಕೇಕೆಲ್ಲ ಕಲ್ಲಾಯಿತು. ಥೂ, ಎಂಥ ಬಾಳು ನನ್ನದು ಅನಿಸಿತು.

"ನಿನ್ನ ಅಳತೆ ಸರಿಯಾಗೇ ಇದೆ ಕಣೇ" ಅಂದರು. "ಟೇಪು ಜಗ್ಗಿದ್ದು ನಾನು. ಇಸ್ತ್ರಿ ಪೆಟ್ಟಿಗೆ ಕಟ್ಟಿ."

ಹೆಂಡತಿ ಹೊಸ ಟೇಪು ತಂದು ಗಂಡನ ಸೊಂಟಕ್ಕೆ ಸುತ್ತಿದರು. ನಲವತ್ತೊಂದು.

ಡಾಕ್ಟರಮ್ಮನಿಗೆ ಕೋಪ ಬರಬೇಕಿತ್ತು, ನಗು ಬಂತು. ತಾನು ಊದಿಲ್ಲ ಅಂತ ತಿಳಿದ ಖುಷಿಯೋ ಏನೋ! ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಇನ್ಸುಲಿನ್ ಚುಚ್ಚುವುದು ಹೇಗೆ ಅಂತ ತೋರಿಸಿಕೊಡುತ್ತಾ ಕೇಳಿದರು: "ಮನೆಯಲ್ಲಿ ದಿನಾ ಯಾರು ಹಾಕ್ತೀರಿ?"

"ನಾನೇ" ಅಂದರು ಹೆಂಡತಿ. "ನನ್ನ ಕೈಗೆ ಸೂಜಿ ಹೊಸದಾ? ಇನ್ಮೇಲೆ ಅಂಗಡಿಯಲ್ಲಿ ಅಳತೆಯೂ ನನ್ನದೇ. ಏನ್ರೀ?"

ಮಾಸ್ತರು ತಲೆಯಾಡಿಸಿದರು. ಬೇರೆ ದಾರಿಯೂ ಇರಲಿಲ್ಲ, ಅಂಗಿ ಮೇಲೆತ್ತಿ ಹೊಟ್ಟೆ ತೋರಿಸುತ್ತಾ ಕೂತಿದ್ದರು. ಬಾಗಿಲ ಕಡೆ ನೋಡಿದರು. ಬೆವರಿದರು.

ಹೆಂಡತಿ ಸೂಜಿ ಎತ್ತಿ ಹಿಡಿದು, ತುಟಿಯಂಚಲ್ಲಿ ನಕ್ಕರು.

"ಅಲುಗಾಡಬೇಡ ಮರಿ" ಅಂದರು. "ಅಲುಗಾಡಿದ್ರೇ ಚುಚ್ಚೋದು."