ಐದು ಗಂಟೆಯ ದಾರ

ಟಿಕೆಟ್ ಅಂಗಡಿಯವನನ್ನು ಬೀದಿಯವರೆಲ್ಲ ದಾರದಣ್ಣ ಎಂದೇ ಕರೆಯುತ್ತಿದ್ದರು. ಗೋಡೆಯ ಮೇಲಿನ ಏಷ್ಯಾ ನಕ್ಷೆಯಲ್ಲಿ ಹೊರಡುವ, ತಲುಪುವ ಎರಡು ಊರಿಗೂ ಗುಂಡುಸೂಜಿ ಚುಚ್ಚಿ, ನಡುವೆ ದಾರ ಎಳೆದು, ಆ ದಾರವನ್ನು ಸ್ಕೇಲಿಗೆ ಹಿಡಿದು, ಇಷ್ಟು ಕಿಲೋಮೀಟರ್, ಇಷ್ಟು ಗಂಟೆ ಎಂದು ಹೇಳಿಬಿಡುವುದು ಅವನ ಪದ್ಧತಿ. ನಕ್ಷೆಯ ಸಮುದ್ರದ ತುಂಬ ಟೀ ಕಲೆ. ಮೇಜಿನ ಮೇಲೆ ತೊಳೆಯದ ಲೋಟಗಳು, ಒಂದರಲ್ಲಿ ನೊಣ ತೇಲುತ್ತಿತ್ತು. ಟಿಕೆಟ್ಟಿಗೆ ಬಂದಿದ್ದ ಪ್ಲಂಬರ್ ದಿನಬೆಳಗಾದರೆ ಕಟ್ಟಿಕೊಂಡ ಮೋರಿಗೆ ಕೈ ಹಾಕುವವನು. ಅವನೇ ಕುರ್ಚಿಯನ್ನು ಮೇಜಿನಿಂದ ದೂರ ಎಳೆದುಕೊಂಡ.

ಅವನ ಅಕ್ಕ ಚಿಕಿತ್ಸೆಗೆಂದು ಹೋಗಿ ದೂರದ ದೇಶದಲ್ಲಿ ಮಗಳ ಮನೆಯಲ್ಲಿದ್ದಳು. ನಾಳೆ ಸಂಜೆ ನಾಲ್ಕಕ್ಕೆ ಹೃದಯದ ಆಪರೇಷನ್. "ನಿನ್ನ ಮುಖ ನೋಡದೆ ಒಳಗೆ ಹೋಗಲ್ಲ ಕಣೋ" ಎಂದು ಹಟ ಹಿಡಿದಿದ್ದಳು. ತಪ್ಪಿದರೆ ಡಾಕ್ಟರು ಮತ್ತೆ ಸಿಗುವುದು ತಿಂಗಳ ಮೇಲೆ. ಅಷ್ಟು ದಿನ ತಡೆಯುವ ಎದೆ ಅದಲ್ಲ. ಬೆಳಿಗ್ಗೆ ಒಂಬತ್ತಕ್ಕೆ ವಿಮಾನ ಹತ್ತಿದರೆ ಎರಡಕ್ಕೆ ಅಲ್ಲಿ ಎಂದು ದಾರದಣ್ಣ ಹೇಳಿದ್ದನ್ನು ನಂಬಿ ಇವನು ಮಾತು ಕೊಟ್ಟಿದ್ದ.

ಈಗ ಕೈಗೆ ಬಂದ ಟಿಕೆಟ್‌ನಲ್ಲಿ ತಲುಪುವ ಸಮಯ ಸಂಜೆ ನಾಲ್ಕೂವರೆ ಎಂದಿತ್ತು.

"ಇದೇನ್ರೀ ನಾಲ್ಕೂವರೆ?"

"ಅಚ್ಚಿನ ತಪ್ಪು ಬಿಡಿ ಮೇಸ್ತ್ರಿ," ಎಂದ ದಾರದಣ್ಣ, ಕಡ್ಡಿಯಿಂದ ಹಲ್ಲು ಕೆದಕುತ್ತ. "ನಾಲ್ಕು ಸಾವಿರ ಕಿಲೋಮೀಟರ್. ಗಂಟೆಗೆ ಎಂಟುನೂರು. ಐದೇ ಗಂಟೆ ಪ್ರಯಾಣ. ದಾರ ಸುಳ್ಳು ಹೇಳುತ್ತಾ?" ಅದೇ ಕಡ್ಡಿಯಿಂದ ನಕ್ಷೆ ತೋರಿಸಿದ.

ಪ್ಲಂಬರ್ ಅಕ್ಕನಿಗೆ ಫೋನ್ ಹಚ್ಚಿದ. ಗೋಡೆ ಗಡಿಯಾರದಲ್ಲಿ ಬೆಳಗಿನ ಹತ್ತು.

"ಅಕ್ಕಾ, ಅಲ್ಲಿ ಈಗ ಗಂಟೆ ಎಷ್ಟು?"

"ಹನ್ನೆರಡೂವರೆ ಕಣೋ. ಊಟ ಆಯ್ತು. ಯಾಕೆ?"

ಇಲ್ಲಿಗಿಂತ ಎರಡೂವರೆ ಗಂಟೆ ಮುಂದೆ. ಫೋನ್ ಮಾಡುವವಳು ಯಾವಾಗಲೂ ಅವಳೇ. ಗಂಟೆ ಎಷ್ಟೆಂದು ಇವನು ಒಮ್ಮೆಯೂ ಕೇಳಿರಲಿಲ್ಲ. ಫೋನಿಗೆ ಅಂಗೈ ಅಡ್ಡ ಹಿಡಿದು, "ಅಲ್ಲಿನ ಗಡಿಯಾರ ಬೇರೆ ಅಂತ ಗೊತ್ತೇನಯ್ಯಾ ನಿಂಗೆ? ಇವತ್ತೇ ಕಳಿಸು ನನ್ನ" ಎಂದ.

"ದಿನಕ್ಕೆ ಒಂದೇ ವಿಮಾನ. ಇವತ್ತಿನದು ಹಾರಿ ಒಂದು ಗಂಟೆ ಆಯ್ತಲ್ಲ. ಇಪ್ಪತ್ತು ವರ್ಷದಿಂದ ಕೂತಿದ್ದೀನಿ, ಒಬ್ಬರೂ ತಿರುಗಿ ಬಂದು ಕೇಳಿಲ್ಲ."

"ತಿರುಗಿ ಬಂದವರು ನಿನ್ನ ಮುಖ ಯಾಕೆ ನೋಡ್ತಾರೆ? ಥೂ."

ಫೋನಿನಲ್ಲಿ ಅಕ್ಕ ಕೂಗುತ್ತಿದ್ದಳು. "ಯಾರ ಜೊತೆ ಜಗಳಾನೋ? ನಾಳೆ ಎರಡಕ್ಕೆ ಬರ್ತೀಯ ತಾನೇ? ನೀನು ಬರದೆ ನಾನು ಆ ಮಂಚ ಹತ್ತಲ್ಲ."

ನಿಜ ಹೇಳಿದರೆ ಹತ್ತುವುದಿಲ್ಲ. ಅವಳ ಹಟ ಅವನಿಗೆ ಗೊತ್ತು.

"ಐದೇ ಗಂಟೆ ಪ್ರಯಾಣ ಅಕ್ಕ. ಎರಡಕ್ಕೆ ಆಸ್ಪತ್ರೇಲಿ ಇರ್ತೀನಿ. ಒಳಗೆ ಬಿಡ್ತಾರೋ ಇಲ್ವೋ. ಬಿಡದಿದ್ರೆ ಕಾಯ್ಬೇಡ, ಹೋಗಿ ಮಲಕ್ಕೋ. ಬಾಗಿಲ ಹೊರಗೆ ನಾನಿದ್ದೀನಿ ಅಂತ ತಿಳ್ಕೋ."

"ಹಾಗಿದ್ರೆ ಬಾಗಿಲ ಹೊರಗಿಂದ ಒಂದ್ಸಲ ಕೆಮ್ಮು," ಎಂದಳು ಅಕ್ಕ. " ನಿನ್ನ ಕೆಮ್ಮು ನಂಗೆ ಗೊತ್ತಾಗುತ್ತೆ. ಅಷ್ಟು ಸಾಕು."

ದಾರದಣ್ಣ ಕಿಸಕ್ಕನೆ ನಕ್ಕ. "ನೋಡಿದ್ರಾ, ಐದೇ ಗಂಟೆ ಅಂತ ನಿಮ್ಮ ಬಾಯಲ್ಲೂ ಬಂತು."

ಪ್ಲಂಬರ್ ಟಿಕೆಟ್ ಮಡಚಿ ಜೇಬಿಗೆ ಹಾಕಿ ಬೀದಿಗೆ ಬಂದ. ಅಕ್ಕನ ಅಳಿಯನಿಗೆ ಫೋನ್ ಮಾಡಿ, ನಾಳೆ ನಾಲ್ಕಕ್ಕೆ ಮುಂಚೆ ಬಾಗಿಲ ಹೊರಗೆ ನಿಂತು ತನ್ನ ಹಾಗೆ ಕೆಮ್ಮಬೇಕೆಂದು ಕೇಳಿಕೊಂಡ. ಹೇಗೆಂದು ಎರಡು ಸಲ ಕೆಮ್ಮಿ ತೋರಿಸಿದ. ಆಮೇಲೆ ಮೋರಿಗೆ ಉಗಿದ. ಮತ್ತೊಮ್ಮೆ ಉಗಿದ. ಬಾಯಿಯ ಹೊಲಸು ಹೋಗಲಿಲ್ಲ.