ಗೋಡೆಯ ಹೊರಗಿನ ಕೂಸು

ಚೌರಪ್ಪ ಜೆಸಿಬಿಯ ಬಾಗಿಲು ತೆಗೆದು, ನವೀದನ ಕಾಲರಿಗೆ ಕೈ ಹಾಕಿ ಕೆಳಗೆ ಎಳೆದ. ಯಂತ್ರ ಇನ್ನೂ ಗುರುಗುಡುತ್ತಿತ್ತು. ನವೀದ ಮಗ್ಗುಲಾಗಿ ಮಣ್ಣಿಗೆ ಬಿದ್ದ. ಏಳುವಷ್ಟರಲ್ಲಿ ಕಪಾಳಕ್ಕೆ ಎರಡು ಬಿದ್ದವು.

"ಯಾಕ್ರೀ ಹೊಡೀತೀರಿ? ನಾ ಏನ್ ಮಾಡೇನ್ರಿ?" ನವೀದ ಕೆನ್ನೆ ಹಿಡಿದುಕೊಂಡು ಕೂಗಿದ. "ಸುಣ್ಣದ ಗೆರಿ ಹಾಕ್ಯಾರ, ಗೆರಿ ಮ್ಯಾಲ ಅಗೀ ಅಂದಾರ. ಇಳಕಲ್‌ದಿಂದ ಚಹಾ ಸೈತ ಕುಡೀದ ಬಂದೇನ್ರಿ!"

"ಮೊದಲು ಮಷಿನ್ ಬಂದ್ ಮಾಡು. ಇನ್ನೊಂದು ಬಕೆಟ್ ಎತ್ತಿದ್ರ ಕೈ ಮುರೀತೇನಿ."

ಚರ್ಚಿನ ಅಂಗಳದ ಹಿಂದಿನ ಗೋಡೆಯನ್ನು ನಿನ್ನೆಯೇ ಕೆಡವಿದ್ದರು. ಕೆಂಪು ಕಲ್ಲುಗಳು ಸತ್ತ ದನಗಳ ಹಾಗೆ ಅಡ್ಡಾದಿಡ್ಡಿ ಬಿದ್ದಿದ್ದವು. ಆ ಗೋಡೆ ಕಟ್ಟಿದವನು ಚೌರಪ್ಪನ ಅಪ್ಪ ರಾಯಪ್ಪ. ಮುದಗಲ್ಲಿನಿಂದ ಖಣಿ ಕೆಲಸಕ್ಕೆ ಬಂದ ನಾಲ್ಕು ಮನೆಗಳಷ್ಟೇ ಆಗ ಇಲ್ಲಿ ಕ್ರಿಸ್ತನ ಹೆಸರು ಹೇಳುತ್ತಿದ್ದವು. ಖಣಿಯ ಮಾಲೀಕ ಬೇಡವೆಂದು ಬಿಟ್ಟ ಒಡಕು ಕಲ್ಲುಗಳನ್ನು ಹೊತ್ತು ತಂದು, ರಜೆಯ ದಿನ ಕೆತ್ತಿ, ನಾಲ್ವರು ಗಂಡಸರು ಚರ್ಚು ಎಬ್ಬಿಸಿದ್ದರು. ಫಾದರ್ ತಿಂಗಳಿಗೊಮ್ಮೆ ಮೋಟರ್ ಸೈಕಲ್ ಮೇಲೆ ಬಂದು ಪೂಜೆ ಮಾಡಿ ಹೋಗುತ್ತಿದ್ದರು. ಉಳಿದ ದಿನ ಉಪದೇಶಿ ಇನ್ನಾಸಪ್ಪನೇ ಫಾದರ್, ಇನ್ನಾಸಪ್ಪನೇ ಪೊಲೀಸ್. ಜಪ ಹೇಳಿಸುವವನೂ ಅವನೇ, ತಪ್ಪು ಮಾಡಿದವರಿಗೆ ದಂಡ ಹಾಕುವವನೂ ಅವನೇ.

ಆಮೇಲೆ ಕಲ್ಲಿಗೆ ಪಾಲಿಶ್ ಹಾಕುವ ಕಾರಖಾನೆಗಳು ಬಂದವು. ಹುನಗುಂದದ ಕಡೆಯಿಂದ, ಲಿಂಗಸುಗೂರಿನ ಕಡೆಯಿಂದ ಜನ ಬಂದರು. ಸಿಸ್ಟರ್‌ಗಳು ದವಾಖಾನೆ ತೆರೆದರು. ಇಲ್ಲೇ ಉಳಿಯುವ ಫಾದರ್ ಬಂದರು. ಈಗ ಹಬ್ಬದ ದಿನ ಅರ್ಧ ಜನ ರಸ್ತೆಯ ಮೇಲೆ ನಿಂತು ಪೂಜೆ ಕೇಳುತ್ತಾರೆ. ಚರ್ಚು ದೊಡ್ಡದಾಗಲೇಬೇಕಿತ್ತು. ಮುಂದೆ ರಸ್ತೆ ಅಗಲ ಮಾಡುವವರು ಗುರುತು ಹಾಕಿ ಹೋಗಿದ್ದರಿಂದ, ಹಿಂದಕ್ಕೆ ಬೆಳೆಸುವುದೆಂದು ಕಮಿಟಿ ಹೋದ ವಾರ ತೀರ್ಮಾನ ಮಾಡಿತ್ತು. ಆಗ ಚೌರಪ್ಪ ಬಾದಾಮಿಯಲ್ಲಿ ಯಾರದೋ ಮನೆಗೆ ಕಲ್ಲು ಹಾಸುತ್ತಿದ್ದ. ಇವತ್ತು ಮುಂಜಾನೆ ಬಸ್ಸಿಳಿದು ಬಂದವನಿಗೆ ಕಂಡದ್ದು ಬಿದ್ದ ಗೋಡೆ, ಅದರಾಚೆಯ ಬಯಲಲ್ಲಿ ಸುಣ್ಣದ ಗೆರೆ, ಗೆರೆಯ ಮೇಲೆ ಯಂತ್ರದ ಹಲ್ಲು.

ಕಮಿಟಿಯ ಮುಖ್ಯಸ್ಥ ಧರ್ಮರಾಜ ಅಂಗಿಯ ತೋಳು ಏರಿಸುತ್ತ ಬಂದ. ಇನ್ನಾಸಪ್ಪನ ಮಗ. ಸ್ವಂತ ಕಾರಖಾನೆ ಇಟ್ಟವನು. ಎದುರಿಗಿದ್ದವನನ್ನು ಚುಚ್ಚಿ ಮಾತಾಡುವುದರಲ್ಲಿ ಅಪ್ಪನನ್ನೂ ಮೀರಿಸಿದವನು.

"ಏನ್ ಚೌರಪ್ಪ ಕಾಕಾ, ಬಾದಾಮಿಯಿಂದ ಹಾಕ್ಕೊಂಡ ಬಂದೀ ಏನು?"

"ಬಾಯಿ ಬಿಗಿ ಹಿಡಿ ಧರ್ಮಾ. ಇಲ್ಲಿ ಅಗಿಯೂ ಹಂಗಿಲ್ಲ."

"ಯಾಕ? ಜಾಗಾ ನಿಮ್ಮಪ್ಪ ಬರದು ಕೊಟ್ಟಾನೇನು?"

"ಇಲ್ಲಿ ನನ್ನ ಮಗಳು ಅದಾಳ."

ಧರ್ಮರಾಜ ಸುತ್ತ ನಿಂತ ಗಾರೆ ಕೆಲಸದ ಗೌಂಡಿಗಳ ಕಡೆ ನೋಡಿದ. "ನಿನಗೆಲ್ಲಿ ಮಗಳು? ಇರೂವು ಎರಡು ಗಂಡು ಕತ್ತಿ. ಈಕಿ ಯಾರ ಹೊಟ್ಟಿಲೆ ಹುಟ್ಟ್ಯಾಳೋ? ಕಾಕಿಗೆ ಗೊತ್ತೈತಿಲ್ಲೋ?"

ಗೌಂಡಿಗಳು ನಕ್ಕರು. ನಗು ಮುಗಿಯುವ ಮೊದಲೇ ಚೌರಪ್ಪನ ಮುಷ್ಟಿ ಧರ್ಮರಾಜನ ಬಾಯಿಗೆ ಬಿತ್ತು. ಹುಟ್ಟಿದಾಗಿನಿಂದ ಕಲ್ಲು ಒಡೆದ ಕೈ. ತುಟಿ ಸೀಳಿತು, ಹಲ್ಲೊಂದು ನಾಲಿಗೆಯ ಮೇಲೆ ಬಂತು. ಧರ್ಮರಾಜ ಉಗುಳಿ ನೋಡಿದ. "ಹಿಡೀರಿ ಈ ಮಗನ್ನ!" ಎಂದು ಒದರಿದ.

ನಾಲ್ಕು ಮಂದಿ ಒಮ್ಮೆಲೇ ಮೇಲೆ ಬಿದ್ದರು. ಚೌರಪ್ಪನ ಹೊಟ್ಟೆಗೆ ಒದೆ ಬಿತ್ತು. ಅವನು ಕೈಗೆ ಸಿಕ್ಕವನ ಕಿವಿ ತಿರುವಿದ, ಇನ್ನೊಬ್ಬನ ತೊಡೆ ಕಚ್ಚಿದ. ಯಾರೋ ಸಲಿಕೆಯ ಕಾವಿನಿಂದ ಬೆನ್ನಿಗೆ ಬಾರಿಸಿದರು. ಅವನು ಅಂಗಾತ ಬಿದ್ದ. ಬಿದ್ದವನ ಪಕ್ಕೆಗೆ ಧರ್ಮರಾಜ ಬೂಟುಗಾಲಿನಿಂದ ಒದ್ದ.

"ನಿಲ್ಲಿಸಿ! ಬಿಡಿ ಅವರನ್ನ!" ಫಾದರ್ ದೀಪಕ ಓಡಿಬಂದು ನಡುವೆ ನುಗ್ಗಿದರು. ಕರಾವಳಿಯಿಂದ ಮೊನ್ನೆ ಮೊನ್ನೆ ಬಂದವರು, ವಯಸ್ಸಿನಲ್ಲಿ ಚೌರಪ್ಪನ ಮಕ್ಕಳ ಸರೀಕರು. ಅವರ ಮುಖಕ್ಕೂ ಒಂದು ಮೊಣಕೈ ಬಿತ್ತು. ಫಾದರ್ ಮೂಗಿನಲ್ಲಿ ರಕ್ತ ಕಂಡ ಮೇಲೆಯೇ ಜನ ಹಿಂದೆ ಸರಿದದ್ದು. "ಏನಿದು? ಚರ್ಚಿನ ಅಂಗಳದಲ್ಲಿ ಏನಿದು?"

ಚೌರಪ್ಪ ಎದ್ದು ಕೂತು, ಕೆಡವಿದ ಗೋಡೆಯ ಪಕ್ಕಕ್ಕೆ ಬೆರಳು ತೋರಿಸಿದ. ಅಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮುದುಕ ಇನ್ನಾಸಪ್ಪ ಕೆಲಸ ನೋಡುತ್ತ ಕೂತಿದ್ದ.

"ಆಂವನ್ನ ಕೇಳ್ರಿ ಫಾದರ್. ಆಂವಗೆಲ್ಲಾ ಗೊತ್ತೈತಿ."

"ಅಲ್ಲೇನೂ ಇಲ್ಲ," ಎಂದ ಇನ್ನಾಸಪ್ಪ. "ಬರೇ ಜಾಲಿಕಂಟಿ ಇತ್ತು."

"ಸುಳ್ಳ ಬೊಗಳಬ್ಯಾಡೋ ಮುದುಕಾ!" ಚೌರಪ್ಪನ ದನಿ ಒಡೆಯಿತು. "ನನ್ನ ಚೊಚ್ಚಲ ಕೂಸು ರೀ ಫಾದರ್. ಗುರುವಾರ ಹುಟ್ಟಿತು. ಹಾಲು ಎಳೀಲಿಲ್ಲ, ಮೈ ನೀಲಿ ಆಗಾಕ ಹತ್ತಿತು. ಆವಾಗಿನ ಫಾದರ್ ಆ ತಿಂಗಳ ಪೂಜೆಗೆ ಬರೂದು ಐತಾರ ಇತ್ತು. ನಾ ಓಡಿ ಹೋಗಿ ಇವನ ಕಾಲು ಹಿಡದೆ. ನೆತ್ತಿಗೆ ನೀರು ಹಾಕಿ ಜ್ಞಾನಸ್ನಾನ ಕೊಡಸೋ ಯಣ್ಣಾ ಅಂದೆ. ಅದು ಫಾದರ್ ಕೈಲೇ ಆಗಬೇಕು, ಬ್ಯಾರೆ ಯಾರು ನೀರು ಹಾಕಿದ್ರೂ ಪಾಪ, ಕೂಸಿಗೇ ಹತ್ತತೈತಿ, ಐತಾರದ ಮಟ ತಡಿ ಅಂದ. ಶನಿವಾರ ಸಂಜಿಕ ಕೂಸು ಹೋತು. ಜ್ಞಾನಸ್ನಾನ ಆಗದ ಕೂಸಿಗೆ ಅಂಗಳದ ಒಳಗ ಹುಗಿಯಾಕ ಜಾಗಾ ಇಲ್ಲ, ಗ್ವಾಡಿ ಹೊರಗ ಇಡು ಅಂದ. ನಮ್ಮಪ್ಪ ಕಟ್ಟಿದ ಗ್ವಾಡಿ ರೀ! ಅದರ ಹೊರಗ ಇಟ್ಟೆ."

ಫಾದರ್ ಕರವಸ್ತ್ರದಿಂದ ಮೂಗು ಒತ್ತಿ ಹಿಡಿದಿದ್ದರು. "ಪಾಪ ಅಂತ ಯಾರು ಹೇಳಿದ್ದು? ಸಾಯೋ ಮಗುವಿಗೆ ಯಾರು ಬೇಕಾದರೂ ನೀರು ಹಾಕಬಹುದು, ಚೌರಪ್ಪನವರೇ. ತಂದೆ ಹಾಕಬಹುದು, ತಾಯಿ ಹಾಕಬಹುದು, ಸೂಲಗಿತ್ತಿ ಹಾಕಬಹುದು. ತಲೆ ಮೇಲೆ ಒಂದಿಷ್ಟು ನೀರು, ಎರಡು ಮಾತು, ಅಷ್ಟೇ. ಉಪದೇಶಿಗಳಿಗೆ ಮೊದಲು ಕಲಿಸೋದೇ ಅದನ್ನ..."

ಅವರು ಅಲ್ಲಿಗೇ ನಿಲ್ಲಿಸಿದರು. ತಡವಾಗಿತ್ತು. ಎಲ್ಲರೂ ಕುರ್ಚಿಯ ಕಡೆ ತಿರುಗಿದ್ದರು.

ಚೌರಪ್ಪ ಪಕ್ಕದಲ್ಲಿ ಬಿದ್ದಿದ್ದ ಹಾರೆ ಊರಿ ಎದ್ದು, ಕುರ್ಚಿಯ ಮುಂದೆ ಬಂದು ನಿಂತ. "ಖರೆ ಏನು?"

ಇನ್ನಾಸಪ್ಪ ಕುರ್ಚಿಯ ತೋಳು ಹಿಡಿದು ನೆಟ್ಟಗಾದ.

"ಗೊತ್ತಿತ್ತೇನು ನಿನಗ?"

"ಗೊತ್ತಿತ್ತು," ಎಂದ ಇನ್ನಾಸಪ್ಪ. ಅಂದ ಮೇಲೆ ಮುದುಕನಿಗೂ ಸಿಟ್ಟು ಬಂತು. "ಏನಂತೀ ಈಗ? ನೀ ಬನಶಂಕರಿ ಗುಡಿಯೊಳಗ ತಾಳಿ ಕಟ್ಟಿ ಬಂದಿದ್ದಿ. ಚರ್ಚಿನ್ಯಾಗ ಮದಿವಿ ಇಲ್ಲ, ನಿನ್ನ ಹೇಣ್ತಿ ಸೋಮವ್ವಗ ಜ್ಞಾನಸ್ನಾನ ಇಲ್ಲ. ಇದ್ದಾವು ನಾಕ ಮನಿ. ನಿನಗ ಸಡ್ಲ ಬಿಟ್ರ ಉಳದಾವ್ರೂ ಕಿತ್ಕೊಂಡು ಹೋಗ್ತಿದ್ರು. ಎರಡು ದಿನ ಹೆದರ್ಲಿ ಅಂದ್ಕೊಂಡೆ. ಕೂಸು ಸಾಯ್ತೈತಂತ ನಾ ಕನಸು ಕಂಡಿದ್ದೆನೇನು? ಹಂಗ ಬಿಗಿ ಹಿಡದಿದ್ದಕ್ಕ ಇವತ್ತ ಎಷ್ಟು ಮನಿ ಆಗ್ಯಾವು, ನೋಡು!"

ಸಾಲು ಮನೆಗಳನ್ನು ತೋರಿಸಲು ಅವನು ಕೈ ಎತ್ತಿದ. ಎತ್ತಿದ ಆ ಕೈಯ ಮೇಲೆಯೇ ಹಾರೆ ಬಿತ್ತು.

ಒಣ ಕಟ್ಟಿಗೆ ಮುರಿದಂಥ ಸದ್ದು. ಎರಡನೇ ಏಟಿಗೆ ಮೊಣಕಾಲು ಹೋಯಿತು. ಕುರ್ಚಿ ಮಗುಚಿ ಮುದುಕ ಕಲ್ಲುಗಳ ನಡುವೆ ಬಿದ್ದು ಚೀರತೊಡಗಿದ. ಚೌರಪ್ಪ ಮೂರನೆಯದಕ್ಕೆ ಹಾರೆ ಎತ್ತಿದ್ದು ತಲೆಗೇ. ಹಿಂದಿನಿಂದ ಅವನನ್ನು ಅವುಚಿ ಹಿಡಿದವನು ನವೀದ.

"ಬಿಡ್ರೀ ಚಾಚಾ! ಸಾಯ್ತಾನ್ರೀ ಮುದುಕ! ಬಿಡ್ರೀ!"

ಧರ್ಮರಾಜ ಅಪ್ಪನನ್ನು ಎತ್ತಿ ಕಾರಿಗೆ ಹಾಕಿಕೊಂಡ. "ಜೈಲಿನ್ಯಾಗ ಕೊಳಸ್ತೇನಿ ನಿನ್ನ," ಎಂದು ಒಡೆದ ಬಾಯಲ್ಲಿ ಕೂಗುತ್ತಲೇ ಫೋನು ಕಿವಿಗಿಟ್ಟುಕೊಂಡು ಹೋದ. ಚೌರಪ್ಪ ತಿರುಗಿ ನೋಡಲಿಲ್ಲ. ಬಯಲಿಗೆ ನಡೆದು, ರಕ್ತ ಹತ್ತಿದ ಅದೇ ಹಾರೆಯಿಂದ ನೆಲ ಅಗಿಯತೊಡಗಿದ. ಯಾರೂ ಹತ್ತಿರ ಹೋಗಲಿಲ್ಲ.

ಸುದ್ದಿ ಮುಟ್ಟಿ ಸೋಮವ್ವ ಬಂದಳು. ಗಂಡನ ಮುಖ ನೋಡಿದಳು, ಹಾರೆ ನೋಡಿದಳು. ಏನೂ ಕೇಳಲಿಲ್ಲ. "ಅಲ್ಲಲ್ಲ," ಎಂದಳು, "ಬಲಕ್ಕ ಬರ್ರಿ. ಇನ್ನೊಂದೀಟು. ಹಾಂ."

ಅವಳು ಹೇಳಿದಲ್ಲಿ ಹಾರೆ, ಕೂಸಿನ ಮೇಲೆ ಮುಚ್ಚಿದ್ದ ಚಪ್ಪಡಿಗೆ ತಾಗಿತು. ಚೌರಪ್ಪ ಹಾರೆ ಬಿಟ್ಟು ಮೊಣಕಾಲೂರಿದ.

"ಸೋಮೀ, ನಾವ ಹಾಕಬಹುದಿತ್ತಂತ ನೀರು. ಯಾರರೆ ಹಾಕಬಹುದಿತ್ತಂತ. ಫಾದರ್ ಹೇಳಿದ್ರು."

ಸೋಮವ್ವ ಕೂತು, ಚಪ್ಪಡಿಯ ಮೇಲಿನ ಮಣ್ಣನ್ನು ಅಂಗೈಯಿಂದ ಸರಿಸಿದಳು. ಆಮೇಲೆ, "ನಾ ಹಾಕಿದ್ದೆ," ಎಂದಳು.

"ಏನು?"

"ಶನಿವಾರ ಮಧ್ಯಾಹ್ನ. ನೀವು ಹೊರಗ ಹೋಗಿದ್ರಿ. ನೆತ್ತಿ ಮ್ಯಾಲ ನೀರು ಹಾಕಿದೆ. ಪಿತ, ಸುತ, ಪವಿತ್ರಾತ್ಮ ಅಂತ ನೀವು ಶಿಲುಬಿ ಹಾಕ್ಕೋತಿದ್ರೆಲ್ಲ, ಅಷ್ಟು ಬರ್ತಿತ್ತು ನನಗ. ಅದನ್ನ ಹೇಳಿ ಹಾಕಿದೆ."

"ಮತ್ತ ಯಾಕ ಹೇಳ್ಲಿಲ್ಲ? ಇಷ್ಟು ವರ್ಷ ಯಾಕ ಹೇಳ್ಲಿಲ್ಲ?"

"ಪಾಪ ಹತ್ತತೈತಿ ಅಂದಿದ್ನಲ್ರಿ ಅವ," ಎಂದಳು ಸೋಮವ್ವ. "ನೀರು ಹಾಕಿದೆ, ಸಂಜಿಕ ಹೋತು. ನಾನ ಕೊಂದೆ ಅಂದ್ಕೊಂಡೆ."

ಫಾದರ್ ಕರವಸ್ತ್ರ ಕೆಳಗಿಳಿಸಿದರು. ಮೂಗಿನಿಂದ ಮತ್ತೆ ರಕ್ತ ಇಳಿಯಿತು. ಅದನ್ನು ಒರೆಸಿಕೊಳ್ಳುವುದೂ ಅವರಿಗೆ ತೋಚಲಿಲ್ಲ.

ಚಪ್ಪಡಿ ಎತ್ತಿದಾಗ ಕೆಳಗೆ ಎಲುಬು ಇರಲಿಲ್ಲ. ಸುತ್ತಲಿನದಕ್ಕಿಂತ ತುಸು ಕಪ್ಪಗಿನ ಮಣ್ಣು, ಅದರೊಳಗೆ ದೃಷ್ಟಿಯಾಗದಿರಲೆಂದು ಕೂಸಿನ ಕೈಗೆ ಕಟ್ಟಿದ್ದ ನಾಲ್ಕಾರು ಕರಿಮಣಿ. ದಾರ ಕರಗಿಹೋಗಿತ್ತು. ಸೋಮವ್ವ ಸೆರಗು ಹಾಸಿ, ಮಣ್ಣನ್ನು ಬೊಗಸೆ ಬೊಗಸೆಯಾಗಿ ತುಂಬಿ, ಮಣಿಗಳನ್ನು ಮೇಲಿಟ್ಟು ಗಂಟು ಹಾಕಿದಳು.

"ಒಳಗೆ ಇಡೋಣಮ್ಮ," ಎಂದರು ಫಾದರ್. "ದೇವರ ಪೀಠದ ಹತ್ತಿರವೇ ಇಡೋಣ. ಅವಳ ಜಾಗ ಅದು. ಮೊದಲಿಂದಲೂ ಅದೇ."

ರಸ್ತೆಯಲ್ಲಿ ಪೊಲೀಸ್ ಜೀಪು ನಿಂತಿತು. ಚೌರಪ್ಪ ಎದ್ದು, ಮಣ್ಣಿನ ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ತಾನೇ ಆ ಕಡೆ ನಡೆದ. ಹೆಗಲ ಮೇಲೆ ಕೈ ಇಟ್ಟ ಪೇದೆ ಅವನನ್ನು ಎಳೆಯಲಿಲ್ಲ. ಅವನೂ ಕುಣಿಯ ಕಡೆಯೇ ನೋಡುತ್ತಿದ್ದ.

ಕುಣಿಯ ಅಂಚಿನಲ್ಲಿ ಸೆರಗಿನ ಗಂಟನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದ ಸೋಮವ್ವನ ಎಡತೊಡೆ, ಅವಳಿಗೇ ಗೊತ್ತಿಲ್ಲದಂತೆ, ಮೆಲ್ಲಗೆ ಮೇಲೆ ಕೆಳಗೆ ಆಡುತ್ತಿತ್ತು.