ಮಗ್ಗದ ಕುಣಿಯ ಜೀರುಂಡೆ

“ನಾಕನೇ ಇಯತ್ತೇಕ ಸಾಲಿ ಬಿಟ್ಟು ಹುಳಾ ನೋಡಕೋತ ಕುಂತಾವ, ಹಿರ್ಯಾರ ಮುಂದ ಬಾಯಿ ತಗೀತೀ? ಕುಣ್ಯಾಗ ಕುಂತು ಕುಂತು ನೀನೂ ಹುಳಾನ ಆಗೀದಿ ಬಿಡಲೇ!”

ಬನಹಟ್ಟಿಯ ಆ ನೇಕಾರರ ಪಡಸಾಲೆ ತುಂಬ ನಗು ಎದ್ದಿತು. ಬೈದವನು ಸೋದರಮಾವ ಮುದಕಪ್ಪ, ಲೋಕಾಪುರದವನು, ನಲವತ್ತು ದಾಟಿದ ವಿಧುರ. ಅಕ್ಕನ ಮಗಳು ಇಂದ್ರವ್ವನ ಉಡಿ ತುಂಬಿಸಲು ಬಂದಿದ್ದ. ಅಕ್ಕಿ, ಕಾಯಿ ಅವಳ ಉಡಿಗೆ ಬಿದ್ದರೆ ಲಗ್ನ ಗಟ್ಟಿಯಾದಂತೆ. ಬೈಸಿಕೊಂಡವನು ಅವಳ ಅಣ್ಣ ಅಂದಾನೆಪ್ಪ. ಅವನು ಅಂದದ್ದು ಇಷ್ಟೇ: “ಆಕೀನ್ನ ಒಂದ ಮಾತು ಕೇಳ್ರಿ.”

“ಏನ್ ಕೇಳೂದು?” ಎಂದ ಮುದಕಪ್ಪ. “ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದೈತಿ, ಖರೆ. ಸೋದರಮಾವನ ಹಕ್ಕು ಎಲ್ಲೂ ಹೋಗಿಲ್ಲ.”

ಅಂದಾನೆಪ್ಪನ ಮೈ ಉರಿಯಿತು. ಎಂಟು ವರ್ಷ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತ ಅವನು ಕಂಡದ್ದನ್ನು ಪಡಸಾಲೆಯಲ್ಲಿ ಕೂತ ಈ ರುಮಾಲಿನ ಹಿರಿಯರಲ್ಲಿ ಒಬ್ಬರಾದರೂ ಕಂಡಿದ್ದರೇ?

“ಹುಳದ ಮಾತ ಕೇಳ್ರಿ ಹಂಗಾರ! ನಮ್ಮ ಕುಣ್ಯಾಗ ಮೂರು ಗಂಡು ಜೀರುಂಡಿ ರೆಕ್ಕಿ ತಿಕ್ಕಿ ಕೂಗ್ತಾವು. ಹೆಣ್ಣು ನಿಂತು ಕೇಳ್ತೈತಿ. ಎರಡನ್ನ ದಾಟಿ ಮೂರನೇದರ ಕಡೆ ತಾನ ನಡಕೊಂಡು ಹೋಗ್ತೈತಿ. ಆಕಿ ತಾನಾಗಿ ಬೆನ್ನ ಏರಿದ್ರನ ಸಂಸಾರ. ಒಲ್ಲೆ ಅಂದ್ರ ಗಂಡಿನ ಕೈಲೆ ಏನೂ ಆಗೂದಿಲ್ಲ. ತಲಿತಲಿಮಾರಿಗೆ ಹೆಣ್ಣು ಹಿಂಗ ಆರಿಸಿ ಆರಿಸೇ ಗಂಡಿಗೆ ಅಷ್ಟು ಛಲೋ ದನಿ ಬಂದೈತ್ರೀ!”

“ಅಂದ್ರ ನಿಮ್ಮ ಮಾವ ಈಗ ಹಾಡಬೇಕೇನೋ?” ಎಂದ ಹಿರಿಯ ಶಿದ್ರಾಮಪ್ಪ. ಮತ್ತೆ ನಗು. ಆ ನಗುವಿನಲ್ಲೇ ತಾಯಿ ಸೋಮವ್ವ, ತಲೆ ಎತ್ತದೆ, ಮಗಳ ಸೆರಗಿಗೆ ಕಾಯಿ ಇಟ್ಟು ಅಕ್ಕಿ ಸುರಿಯತೊಡಗಿದಳು.

ಇಂದ್ರವ್ವ ಎದ್ದು ನಿಂತಳು. ಅಕ್ಕಿ ನೆಲಕ್ಕೆ ಚೆಲ್ಲಿತು, ಕಾಯಿ ಉರುಳಿತು.

“ನಾ ಒಲ್ಲೆ,” ಎಂದವಳೇ ಮಗ್ಗದ ಕೋಣೆಗೆ ನಡೆದಳು.

ಮುದಕಪ್ಪ ಅಂದಾನೆಪ್ಪನತ್ತ ತಿರುಗಿದ. “ಇದನ್ನ ನೀ ಕಲಿಸಿದ್ದಲ್ಲೇನಲೇ? ಬೊಗಳು!”

ಕಲಿಸಿರಲಿಲ್ಲ. ಕುಣಿಯ ಬದಿಗೆ ಕೂತು ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತಿದ್ದ ಇಂದ್ರವ್ವನೇ ಮೊದಲು ತೋರಿಸಿದ್ದಳು: “ಅಣ್ಣಾ, ಅದು ಎರಡನ್ನೂ ಬಿಟ್ಟು ಹೊಂಟತಿ ನೋಡು.” ಎಳೆ ಹರಿದ ಸಿಟ್ಟಿನಲ್ಲಿ ಅವನು ಅವತ್ತು, “ಸುಮ್ಮ ಕೂಡು,” ಎಂದು ಗದರಿಸಿದ್ದ.

“ಕಿವಿ ಕೇಳೂದಿಲ್ಲೇನು? ಯಾರು ಕಲಿಸಿದ್ರು?”

ಅಂದಾನೆಪ್ಪ ಬಗ್ಗಿ, ಉರುಳಿದ್ದ ಕಾಯಿಯನ್ನು ಎತ್ತಿ ಮಾವನ ಮಡಿಲಿಗಿಟ್ಟ. ಚೆಲ್ಲಿದ ಅಕ್ಕಿಯನ್ನು ತುಳಿಯದೆ ದಾಟಿ, ತಂಗಿ ಹೋದ ಬಾಗಿಲಿನತ್ತ ನಡೆದ. ಹಿಂದಿನಿಂದ ಮುದಕಪ್ಪ ಇನ್ನೂ ಕೇಳುತ್ತಲೇ ಇದ್ದ.